ಜೇನು ಹುಳಿಯುವ ಬಗೆ: ಜೇನುಮದ್ಯದ ಮೊದಲ ಪಾಠಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಜೇನುತುಪ್ಪವನ್ನು ಮನೆಯಲ್ಲಿ ಕೂಡಿಡುವವರಿಗೆ ಒಂದು ಅನುಭವವು ಸಾಮಾನ್ಯವಾದುದು. ಬೇಸಗೆಯಲ್ಲಿ ತಂದು ಸೀಸೆಗೆ ತುಂಬಿಟ್ಟ ತುಪ್ಪವು ಮಳೆಗಾಲದ ನಡುವೆ ಒಂದು ದಿನ ಮೇಲುಗಡೆ ನೊರೆಗಟ್ಟಿ ನಿಂತಿರುತ್ತದೆ. ಬಿರಡೆಯನ್ನು ತೆಗೆದೊಡನೆ ಬುಸ್ಸೆಂದು ಉಕ್ಕುತ್ತದೆ. ನಾಲಗೆಗೆ ಸಿಹಿಯೊಡನೆ ಚುರುಕಾದ ಹುಳಿಯೊಂದು ತಗಲುತ್ತದೆ. ‘ಜೇನು ಕೆಟ್ಟಿತು’ ಎಂದು ಮನೆಯವರು ಅದನ್ನು ಚೆಲ್ಲುತ್ತಾರೆ. ಈ ಲೇಖಕನ ಮನೆಯ ಅಟ್ಟದಲ್ಲಿಯೂ ಹೀಗೆ ಒಂದು ಸೀಸೆಯು ನಡುರಾತ್ರಿಯಲ್ಲಿ ಬಿರಡೆಯನ್ನು ಸೂರಿಗೆ ಹಾರಿಸಿ, ಬೆಳಗಾಗುವುದರೊಳಗೆ ಇರುವೆಗಳ ಸಾಲನ್ನೇ ಕರೆತಂದಿದ್ದುಂಟು. ಹಾಗೆ ಕೆಟ್ಟದ್ದೆಂದು ಚೆಲ್ಲಿದ ದ್ರವದಲ್ಲಿ ನಡೆದಿದ್ದ ಕ್ರಿಯೆಯೇ, ಅಳತೆಗೂ ಹತೋಟಿಗೂ ಒಳಪಟ್ಟಾಗ, ಮನುಷ್ಯನಿಗೆ ತಿಳಿದಿರುವ ಅತಿ ಪ್ರಾಚೀನ ಪಾನೀಯಗಳಲ್ಲೊಂದಾದ ಜೇನುಮದ್ಯವನ್ನು ಕೊಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ‘ಮೀಡ್’ ಎಂದು ಹೆಸರು. ಅದನ್ನು ಹೊಸದಾಗಿ ತಿಳಿಯಬಯಸುವವನು ಮೊದಲು ಏನನ್ನು ಅರಿತಿರಬೇಕು, ನಮ್ಮ ಸೀಮೆಯಲ್ಲಿ ಅದಕ್ಕೆ ಇರುವ ಅನುಕೂಲಗಳೇನು, ತೊಡಕುಗಳೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಹೆಸರಿನ ವಿಷಯವಾಗಿ ಒಂದು ಮಾತು. ಇಂಗ್ಲಿಷಿನ ‘ಮೀಡ್’ ಎಂಬುದೂ ಸಂಸ್ಕೃತದ ‘ಮಧು’ ಎಂಬುದೂ ಒಂದೇ ಮೂಲದಿಂದ ಬಂದ ಶಬ್ದಗಳು. ಜೇನಿಗೂ ಅದರಿಂದಾದ ಪಾನೀಯಕ್ಕೂ ಒಂದೇ ಹೆಸರು ಸಲ್ಲುತ್ತಿದ್ದ ಕಾಲದ ಗುರುತು ಅದರಲ್ಲಿ ಉಳಿದಿದೆ. ‘ಮದ್ಯ’ವಾದರೋ ಬೇರೊಂದು ಧಾತುವಿನಿಂದ, ಮದವನ್ನು ಹೇಳುವ ಧಾತುವಿನಿಂದ, ಹುಟ್ಟಿದ್ದು, ಮಧುವಿಗೂ ಮದ್ಯಕ್ಕೂ ಉಚ್ಚಾರಣೆಯ ಸಾಮೀಪ್ಯವಿದೆಯೇ ಹೊರತು ವ್ಯುತ್ಪತ್ತಿಯ ಸಂಬಂಧವಿಲ್ಲ. ನಮ್ಮ ‘ಜೇನು’ ತಮಿಳಿನ ‘ತೇನ್’, ತೆಲುಗಿನ ‘ತೇನೆ’ಗಳ ಒಡಹುಟ್ಟು. ಕನ್ನಡದಲ್ಲಿ ಈ ಪಾನೀಯಕ್ಕೆ ರೂಢಿಯಾದ ಒಂದು ಹೆಸರು ಇಲ್ಲದ ಕಾರಣ ಇಲ್ಲಿ ‘ಜೇನುಮದ್ಯ’ ಎಂದೇ ಬಳಸಿದ್ದೇವೆ.

ಜೇನುತುಪ್ಪವು ಸಾಮಾನ್ಯವಾಗಿ ಕೆಡುವ ವಸ್ತುವಲ್ಲ. ಅದರ ತೂಕದಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ. ಅದರಲ್ಲಿಯೂ ಬಹುಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಅಷ್ಟು ಗಾಢವಾದ ಸಕ್ಕರೆಯ ನಡುವೆ ಬಿದ್ದ ಸೂಕ್ಷ್ಮ ಜೀವಿಯ ಒಡಲಿನಿಂದ ನೀರು ಹೊರಕ್ಕೆ ಸೆಳೆಯಲ್ಪಟ್ಟು ಅದು ನಿಶ್ಚೇಷ್ಟವಾಗುತ್ತದೆ. ಉಪ್ಪಿನಕಾಯಿಯನ್ನು ಉಪ್ಪು ಕಾಯುವಂತೆ ಜೇನನ್ನು ಸಕ್ಕರೆಯು ಕಾಯುತ್ತದೆ. ಇದರ ಜೊತೆಗೆ ಜೇನು ಸ್ವಭಾವತಃ ಆಮ್ಲಯುಕ್ತವಾದುದು. ಆದರೆ ಹೂವಿನಿಂದಲೂ ಹುಳದಿಂದಲೂ ಬಂದ, ಸಕ್ಕರೆಯ ಗಾಢತೆಯನ್ನು ಇತರ ಜೀವಿಗಳಿಗಿಂತ ಹೆಚ್ಚಾಗಿ ಸಹಿಸಬಲ್ಲ ಕೆಲವು ಬಗೆಯ ಯೀಸ್ಟುಗಳು ಅದರಲ್ಲಿ ಸದಾ ಇದ್ದೇ ಇರುತ್ತವೆ. ನೀರಿನ ಅಂಶವು ನೂರಕ್ಕೆ 17ಕ್ಕಿಂತ ಕಡಮೆಯಾಗಿದ್ದರೆ ಅವು ಏಳುವುದಿಲ್ಲ. 20ನ್ನು ಮೀರಿದರೆ ಏಳದೆ ಇರುವುದು ಅಪರೂಪ. ನಡುವಿನ ಪ್ರಮಾಣದಲ್ಲಿ ಯೀಸ್ಟಿನ ಸಂಖ್ಯೆಯನ್ನೂ ಉಷ್ಣಮಾನವನ್ನೂ ಅನುಸರಿಸಿ ಹೀಗೂ ಆಗಬಹುದು, ಹಾಗೂ ಆಗಬಹುದು.

ನಮ್ಮ ಕಷ್ಟವು ಇಲ್ಲಿಯೇ ಇದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನ ತುಪ್ಪದಲ್ಲಿ ನೀರು ಅನೇಕ ವೇಳೆ 20ನ್ನು ದಾಟಿರುತ್ತದೆ. ಗೂಡಿನೊಳಗೆ ಹುಳಗಳು ರೆಕ್ಕೆಬೀಸಿ ಮಕರಂದದ ನೀರನ್ನು ಆರಿಸಿ, ತಕ್ಕ ಪಾಕಕ್ಕೆ ಬಂದ ಮೇಲೆ ಕಣ್ಣುಗಳನ್ನು ಮೇಣದಿಂದ ಮುಚ್ಚುತ್ತವೆ. ಮಳೆ ಹತ್ತಿರವಾಯಿತೆಂಬ ಅವಸರದಿಂದಲೋ, ವ್ಯಾಪಾರಿ ಬಾಗಿಲಿಗೆ ಬಂದನೆಂಬ ಕಾರಣದಿಂದಲೋ ಮುಚ್ಚದ ತಟ್ಟಿಗಳನ್ನೂ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಬರುವುದು ಅರೆಪಾಕದ ತುಪ್ಪ. ಹೆಜ್ಜೇನಿನ ತುಪ್ಪವನ್ನು ಹಿಂಡಿ ತೆಗೆಯುವಲ್ಲಿ ಮರಿಹುಳದ ರಸ, ಪರಾಗ, ಮೇಣದ ಚೂರು ಎಲ್ಲವೂ ಬೆರೆಯುತ್ತವೆ. ಮಳೆಗಾಲದ ತೇವದ ಗಾಳಿಯಲ್ಲಿ ಬಾಯ್ತೆರೆದಿಟ್ಟ ಪಾತ್ರೆಯು ನೀರನ್ನು ಹೀರುತ್ತದೆ. ಹರಳುಗಟ್ಟಿದ ಜೇನು ಸುರಕ್ಷಿತವೆಂಬ ಭಾವನೆಯೂ ಸರಿಯಲ್ಲ. ಗ್ಲೂಕೋಸು ಹರಳಾಗಿ ಕೆಳಗಿಳಿದಂತೆಲ್ಲ ಮೇಲೆ ನಿಂತ ದ್ರವವು ಮೊದಲಿಗಿಂತ ನೀರಾಗುತ್ತದೆ, ಹುಳಿಯುವಿಕೆಯು ಅಲ್ಲಿಂದಲೇ ಮೊದಲಾಗುತ್ತದೆ.

ಹುಳಿತ ಜೇನನ್ನು ಚೆಲ್ಲುವ ಬದಲು ಅದರಿಂದಲೇ ಜೇನುಮದ್ಯ ಮಾಡಬಹುದಲ್ಲವೆ ಎಂದು ಕೆಲವರು ಕೇಳುವುದುಂಟು. ಆಗದು ಎಂಬುದೇ ನಮ್ಮ ಅಭಿಪ್ರಾಯ. ತಾನಾಗಿ ಹುಳಿತ ಜೇನಿನಲ್ಲಿ ಯಾವ ಯೀಸ್ಟು, ಯಾವ ಬ್ಯಾಕ್ಟೀರಿಯ ಎಷ್ಟು ಕೆಲಸ ಮಾಡಿದೆಯೆಂದು ಹೇಳಲು ಬರುವುದಿಲ್ಲ. ಕುದಿಸಿ ಅವುಗಳನ್ನು ಕೊಂದರೂ ಅವು ಬಿಟ್ಟ ಹುಳಿಯೂ ಕಮಟೂ ಉಳಿಯುತ್ತವೆ, ಹೂವಿನ ಸುವಾಸನೆ ಮಾತ್ರ ಹೊರಟುಹೋಗುತ್ತದೆ. ಜೇನು ತಾನಾಗಿ ಹುಳಿಯದಂತೆ ಕಾಯಬಲ್ಲವನೇ ಅದನ್ನು ತಕ್ಕ ರೀತಿಯಲ್ಲಿ ಹುದುಗಿಸಬಲ್ಲನು. ಆರಂಭಿಕನ ಮೊದಲ ಪಾಠವು ಯೀಸ್ಟಿನದಲ್ಲ, ಜೇನಿನದು.

ಈ ದೃಷ್ಟಿಯಿಂದ ನಾಲ್ಕು ತಾಲ್ಲೂಕುಗಳ ಜೇನನ್ನು ನೋಡಬೇಕು. ಹೊರಗಿನವರಿಗೆ ಹಾಸನವೆಂದರೆ ಆಲೂಗೆಡ್ಡೆಯ ಸೀಮೆ. ಆದರೆ ಆಲೂಗೆಡ್ಡೆಯ ಹೂವಿನಲ್ಲಿ ಮಕರಂದವಿಲ್ಲ. ಎಕರೆಗಟ್ಟಲೆ ಹೂಬಿಟ್ಟ ಹೊಲದ ಬದುವಿನಲ್ಲಿ ಪೆಟ್ಟಿಗೆಯಿಟ್ಟವನಿಗೆ ದಕ್ಕುವುದು ಏನೂ ಇಲ್ಲ. ಮುಸುಕಿನ ಜೋಳವು ಪರಾಗವನ್ನು ಕೊಡಬಲ್ಲದು, ಮಕರಂದವನ್ನಲ್ಲ. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಯಲ್ಲಿ ಎಲೆ ದಪ್ಪವಾಗಲೆಂದು ಹೂಗೊನೆಯನ್ನೇ ಚಿವುಟಿ ಹಾಕುವ ಪದ್ಧತಿಯಿರುವುದರಿಂದ ಅಲ್ಲಿಯೂ ಹುಳಕ್ಕೆ ಹೆಚ್ಚಿನ ಪಾಲು ಸಿಕ್ಕುವುದಿಲ್ಲ. ಜೇನಿಗೆ ನಿಜವಾದ ಆಸರೆಯಾಗಿರುವುವು ಬೆಳೆಯ ಪಟ್ಟಿಯಲ್ಲಿ ಹೆಸರಿಲ್ಲದ ಗಿಡಮರಗಳು. ಯುಗಾದಿಯ ಆಸುಪಾಸಿನಿಂದ ಮೊದಲಾಗಿ ಚನ್ನರಾಯಪಟ್ಟಣದ ಕಡೆಯ ಬದುಗಳಲ್ಲಿಯೂ ಕೆರೆಯ ಏರಿಗಳಲ್ಲಿಯೂ ಹೂಬಿಡುವ ಹೊಂಗೆ, ಅದರ ಹಿಂದೆಯೇ ಬರುವ ಹುಣಿಸೆ, ವರ್ಷವಿಡೀ ಹೊಂಬಾಳೆ ಒಡೆಯುತ್ತಲೇ ಇರುವ ತೆಂಗು ಇವು ಬಯಲುಸೀಮೆಯ ಆಧಾರ. ಹೇಮಾವತಿಯ ನಾಲೆಯ ನೀರು ಹರಿದ ಹೊಳೆನರಸೀಪುರದ ಕಡೆಯಲ್ಲಿ ತೆಂಗಿಗೇ ಪ್ರಾಧಾನ್ಯ. ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದ ಹುಚ್ಚೆಳ್ಳು ಕಾರ್ತಿಕದ ಹೊತ್ತಿಗೆ ಹೊಲವನ್ನೆಲ್ಲ ಹಳದಿಯಾಗಿಸಿ ಹುಳಕ್ಕೆ ಎರಡನೆಯ ಸುಗ್ಗಿಯನ್ನು ಕೊಡುತ್ತಿತ್ತು. ಅಕ್ಕಡಿಯ ಪದ್ಧತಿ ಕಡಮೆಯಾದಲ್ಲಿ ಆ ಸುಗ್ಗಿಯೂ ಕಡಮೆಯಾಗಿದೆ. ಅರಕಲಗೂಡಿನ ಪಡುವಲ ಅಂಚು ಮಲೆನಾಡಿಗೆ ತಾಗಿರುವುದರಿಂದ ಅಲ್ಲಿಯ ತುಪ್ಪವು ಕಾಡುಮರಗಳದು, ಬಣ್ಣದಲ್ಲಿ ಕಪ್ಪು, ತೇವದಲ್ಲಿ ಹೆಚ್ಚು. ಬಯಲಿನ ಬೇಸಗೆಯ ಜೇನು ಒಣಹವೆಯಲ್ಲಿ ಪಾಕವಾಗುವುದರಿಂದ ಕೂಡಿಡುವುದಕ್ಕೂ ಹುದುಗಿಸುವುದಕ್ಕೂ ಹೆಚ್ಚು ನಂಬಿಕೆಗೆ ಅರ್ಹವೆಂದು ಹೇಳಬಹುದು. 1991-92ರ ಸುಮಾರಿನಲ್ಲಿ ತುಡುವೆ ಜೇನಿನ ಮರಿಹುಳಕ್ಕೆ ತಗಲಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ರಾಜ್ಯದ ಬಹುಪಾಲು ಪೆಟ್ಟಿಗೆಗಳನ್ನು ಬರಿದುಮಾಡಿತು. ಆ ಹೊಡೆತದಿಂದ ಚೇತರಿಸಿಕೊಂಡ ಕುಟುಂಬಗಳಿಗೆ ಒಂದು ಸೀಸೆ ಹುಳಿಯುವುದೆಂದರೆ ಕಡಮೆ ನಷ್ಟವಲ್ಲ.

ನಮ್ಮ ದೇಶದಲ್ಲಿ ಹುದುಗಿಸುವ ವಿದ್ಯೆಯು ಎಷ್ಟು ಹಳೆಯದೆಂಬುದಕ್ಕೆ ಕೌಟಿಲ್ಯನ ಅರ್ಥಶಾಸ್ತ್ರವು ಸಾಕ್ಷಿ. ಆ ಗ್ರಂಥದ ತಾಳೆಯೋಲೆಯ ಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದ ಆರ್. ಶಾಮಶಾಸ್ತ್ರಿಗಳು ಇದೇ ಅರಕಲಗೂಡು ತಾಲ್ಲೂಕಿನ, ಕಾವೇರಿಯ ದಡದ ರುದ್ರಪಟ್ಟಣದವರು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿ ‘ಮಧು’ವೆಂದರೆ ದ್ರಾಕ್ಷಿಯ ರಸದಿಂದಾದುದು; ಜೇನಿನದಲ್ಲ. ಆದರೆ ‘ಆಸವ’ದ ಪಾಕದಲ್ಲಿ ಬೇಲದ ಹಣ್ಣು ನೂರು ಪಲ, ಜೋನಿಬೆಲ್ಲದಂತಹ ಕಬ್ಬಿನ ಪಾಕ ಐನೂರು ಪಲ, ಜೇನು ಒಂದು ಪ್ರಸ್ಥ ಎಂದು ಅಳತೆ ಬರುತ್ತದೆ. ಜೇನು ಅಲ್ಲಿ ಪ್ರಧಾನ ದ್ರವ್ಯವಲ್ಲ, ಸಹಕಾರಿ. ಆಯುರ್ವೇದದ ಆಸವಾರಿಷ್ಟಗಳಲ್ಲಿ ಬೆಲ್ಲದ ಜೊತೆಗೆ ಜೇನನ್ನೂ, ಹುದುಗಲೆಂದು ಧಾತಕಿಯ ಹೂವನ್ನೂ ಹಾಕುವ ಕ್ರಮವು ಇಂದಿಗೂ ನಡೆದುಬಂದಿದೆ. ಆ ಹೂವಿನೊಡನೆ ಕಾಡಿನ ಯೀಸ್ಟುಗಳು ದ್ರಾವಣಕ್ಕೆ ಇಳಿಯುತ್ತವೆ.

ಅದೇ ಅಧ್ಯಾಯದ ಇನ್ನೊಂದು ವಿಧಿಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಸುರೆಯ ತಯಾರಿಕೆ, ಮಾರಾಟಗಳನ್ನು ರಾಜ್ಯದ ಕಟ್ಟುನಿಟ್ಟಿನ ಹತೋಟಿಯಲ್ಲಿಡುವ ಕೌಟಿಲ್ಯನು, ಮನೆಯಲ್ಲಿ ಶುಭಕಾರ್ಯಗಳು ನಡೆಯುವಾಗ ಗೃಹಸ್ಥರು ಶ್ವೇತಸುರೆಯನ್ನು, ಔಷಧಕ್ಕಾಗಿ ಅರಿಷ್ಟವನ್ನು ತಾವೇ ಮಾಡಿಕೊಳ್ಳಬಹುದೆಂದು ಒಪ್ಪಿಗೆ ಕೊಡುತ್ತಾನೆ. ಗೃಹಸ್ಥನ ಪಾತ್ರೆಯೊಳಕ್ಕೆ ರಾಜ್ಯವು ಎಷ್ಟು ದೂರ ಇಣುಕಬೇಕೆಂಬ ಪ್ರಶ್ನೆಯು ಹೊಸದಲ್ಲ.

ಮತ್ತೊಂದು ಕಡೆಯಿಂದ ಬಂದ ಉತ್ತರವನ್ನೂ ಇಲ್ಲಿ ಹೇಳಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವು ಜೈನರಿಗೆ ಪರಮ ಪವಿತ್ರ ಕ್ಷೇತ್ರ. ಜೈನ ಶ್ರಾವಕನ ಮೂಲಗುಣಗಳಲ್ಲಿ ಮದ್ಯ, ಮಾಂಸ, ಮಧು ಈ ಮೂರರ ತ್ಯಾಗವು ಮೊದಲು ಬರುತ್ತದೆ. ಎಂದ ಮೇಲೆ ಜೇನುಮದ್ಯವು ಶ್ರಾವಕನಿಗೆ ಎರಡು ಪಟ್ಟು ನಿಷಿದ್ಧ. ಈ ನಿಷೇಧವನ್ನು ವಿವರಿಸುವ ಅಮೃತಚಂದ್ರಾಚಾರ್ಯನು ತನ್ನ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಿಗಳ ಜನ್ಮಸ್ಥಾನವೆಂಬ ಕಾರಣವನ್ನೂ ಕೊಡುತ್ತಾನೆ. ಅವನ ಮನಸ್ಸಿನಲ್ಲಿದ್ದುದು ಅಹಿಂಸೆ. ಇಂದಿನ ಸೂಕ್ಷ್ಮಜೀವಿ ಶಾಸ್ತ್ರವನ್ನು ಅವನ ಮಾತಿನಲ್ಲಿ ಹುಡುಕುವುದು ಉಚಿತವಲ್ಲ. ಆದರೂ ಯುರೋಪಿನ ವಿದ್ವಾಂಸರು ಹುದುಗುವಿಕೆಯು ಜೀವವ್ಯಾಪಾರವೋ ಬರಿಯ ರಾಸಾಯನಿಕ ವ್ಯಾಪಾರವೋ ಎಂದು 19ನೆಯ ಶತಮಾನದ ನಡುವಿನಲ್ಲಿ, ಪಾಸ್ತರನ ಕಾಲದವರೆಗೂ, ವಾದಿಸುತ್ತಿದ್ದುದನ್ನು ನೆನೆದಾಗ ಆ ಮಾತು ಓದುಗನನ್ನು ಒಂದು ಗಳಿಗೆ ನಿಲ್ಲಿಸುತ್ತದೆ.

ಇನ್ನು ಕಾನೂನು. ಕರ್ನಾಟಕ ಅಬಕಾರಿ ಅಧಿನಿಯಮ, 1965ರ 13ನೆಯ ಪ್ರಕರಣದಂತೆ ಪರವಾನಗಿಯಿಲ್ಲದೆ ಮಾದಕ ಪದಾರ್ಥವನ್ನು ತಯಾರಿಸಕೂಡದು. ಮದ್ಯಸಾರವುಳ್ಳ ಪಾನೀಯವು ಬಟ್ಟಿಯಿಳಿಸಿದ್ದಾದರೇನು, ಹುದುಗಿಸಿದ್ದಾದರೇನು, ಆ ಮಾತಿನೊಳಗೆ ಬರುತ್ತದೆ. ಮಾರುವ ಉದ್ದೇಶವಿಲ್ಲ, ನಾಲ್ಕೇ ಲೀಟರು, ಮನೆಯ ಬಳಕೆಗೆ ಎಂಬ ಸಮಾಧಾನಗಳು ನಡೆಯುವುದಿಲ್ಲ. ಇದಕ್ಕೆ ಎದುರಾಗಿ, ಅಮೆರಿಕದ ಸಂಯುಕ್ತ ಸಂಸ್ಥಾನದ ಕೇಂದ್ರ ಕಾನೂನು ವಯಸ್ಕನೊಬ್ಬನು ಮಾರಾಟಕ್ಕಲ್ಲದೆ ವರ್ಷಕ್ಕೆ 100 ಗ್ಯಾಲನ್ ವರೆಗೆ ಇಂತಹ ಪಾನೀಯವನ್ನು ಮನೆಯಲ್ಲಿ ಮಾಡಲು ಬಿಡುತ್ತದೆ. ಆದುದರಿಂದ ಹಾಸನದಲ್ಲಿ ಕುಳಿತವನಿಗೂ ಪರದೇಶದಲ್ಲಿ ನೆಲೆಸಿದ ಅವನ ಮಗನಿಗೂ ಒಂದೇ ಕೆಲಸವು ಒಂದು ಕಡೆ ಅಪರಾಧ, ಇನ್ನೊಂದು ಕಡೆ ಬಿಡುವಿನ ಹವ್ಯಾಸ. ಮುಂದೆ ಹೇಳುವ ಕ್ರಮವು ಪರವಾನಗಿಯುಳ್ಳವರಿಗೆ, ಅನುಮತಿ ಪಡೆದ ಪ್ರಯೋಗಶಾಲೆಗಳಿಗೆ, ಕಾನೂನು ಒಪ್ಪುವ ದೇಶಗಳಲ್ಲಿರುವವರಿಗೆ ಎಂಬುದನ್ನು ವಾಚಕರು ಮರೆಯಬಾರದು. ಮಹಾರಾಷ್ಟ್ರದ ಪುಣೆ, ನಾಸಿಕಗಳಲ್ಲಿ ಈಚಿನ ವರ್ಷಗಳಲ್ಲಿ ಜೇನುಮದ್ಯದ ತಯಾರಿಕಾ ಘಟಕಗಳು ಎದ್ದಿವೆ. ನಮ್ಮಲ್ಲಿ ಪೆಟ್ಟಿಗೆ ಸಾಕುವವನಿಗೆ ತುಪ್ಪವನ್ನು ಸೀಸೆಗೆ ತುಂಬಿ ಮಾರುವುದನ್ನು ಬಿಟ್ಟರೆ ಬೇರೆ ದಾರಿ ಕಡಮೆ. ನಾಲ್ಕಾರು ಊರಿನ ಜೇನುಗಾರರು ಸಹಕಾರಿಯಾಗಿ ಒಂದು ಪರವಾನಗಿಯ ಕೆಳಗೆ ಕೂಡಿ ನಡೆಸುವುದೇ, ಒಬ್ಬೊಬ್ಬರೂ ಕದ್ದು ಮಾಡುವುದಕ್ಕಿಂತ, ತಕ್ಕ ಮಾರ್ಗವೆಂದು ನಮಗೆ ತೋರುತ್ತದೆ.

ಕ್ರಮವು ಸರಳವಾದುದು. ಒಂದು ಕಿಲೋ ಒಳ್ಳೆಯ ಜೇನಿಗೆ ಸುಮಾರು 3.3 ಲೀಟರು ನೀರು ಕೂಡಿಸಿದರೆ ಒಟ್ಟು 4 ಲೀಟರು ದ್ರಾವಣವಾಗುತ್ತದೆ. ಜೇನು ನೀರಿಗಿಂತ ಸುಮಾರು ಒಂದೂಕಾಲುಭಾಗದಿಂದ ಒಂದೂವರೆಯಷ್ಟು ಭಾರವಾದುದರಿಂದ ಒಂದು ಕಿಲೋ ಜೇನು ತುಂಬುವ ಜಾಗವು 700 ಮಿಲಿಲೀಟರು ಮಾತ್ರ. ಲೀಟರಿಗೆ 200 ಗ್ರಾಂ ಸಕ್ಕರೆಯಿರುವ ಈ ದ್ರಾವಣದ ವಿಶಿಷ್ಟ ಗುರುತ್ವವು ಹೈಡ್ರೊಮೀಟರಿನಲ್ಲಿ 1.075ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹುದುಗುವಿಕೆಯು ಮುಗಿದು ಅದು 1.000ಕ್ಕೆ ಇಳಿದಾಗ ಮದ್ಯಸಾರವು ನೂರಕ್ಕೆ ಸುಮಾರು 10 ಪಾಲಾಗಿರುತ್ತದೆ. ಹೈಡ್ರೊಮೀಟರಿಲ್ಲದೆ ಈ ಕೆಲಸಕ್ಕೆ ಕೈಹಾಕುವವನು ಗಡಿಯಾರವಿಲ್ಲದೆ ರೈಲಿಗೆ ಹೊರಟವನಂತೆ.

ಪಾತ್ರೆಯು ಗಾಜಿನದು ಅಥವಾ ತುಕ್ಕುಹಿಡಿಯದ ಉಕ್ಕಿನದಾಗಿರಬೇಕು. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂಗಳನ್ನು ಆಮ್ಲವು ತಿನ್ನುತ್ತದೆ. ಉಪ್ಪಿನಕಾಯಿಯ ಜಾಡಿಯನ್ನು ಎಷ್ಟು ತೊಳೆದರೂ ಇಂಗು ಸಾಸಿವೆಗಳ ವಾಸನೆ ಬಿಡುವುದಿಲ್ಲ, ಅದು ಬೇಡ. ಎಲ್ಲವನ್ನೂ ಕುದಿನೀರಿನಿಂದ ಶುಚಿಮಾಡಿ, ದ್ರಾವಣವನ್ನು ಚೆನ್ನಾಗಿ ಕಲಕಿ ಗಾಳಿ ಬೆರೆಸಿ, ದ್ರಾಕ್ಷಿಮದ್ಯಕ್ಕೆಂದು ಮಾರುವ ಒಣ ಯೀಸ್ಟನ್ನು 5 ಗ್ರಾಂ ಮಟ್ಟಿಗೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಾಕಬೇಕು. ಬ್ರೆಡ್ಡಿನ ಯೀಸ್ಟೂ ಅದೇ ಜಾತಿಯದೇ, ಕೆಲಸ ಮಾಡುತ್ತದೆ. ರುಚಿಯಲ್ಲಿ ಹಿಂದೆ ಬೀಳುತ್ತದೆ.

ಆರಂಭಿಕರು ಎಡವುವುದು ಹೆಚ್ಚಾಗಿ ಸಾರಜನಕದ ವಿಷಯದಲ್ಲಿ. ದ್ರಾಕ್ಷಿಯ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕವು ಸಾಮಾನ್ಯವಾಗಿ ಇರುತ್ತದೆ, ಜೇನಿನಲ್ಲಿ ಅತ್ಯಲ್ಪ. ಹೊಟ್ಟೆತುಂಬ ಸಕ್ಕರೆಯಿದ್ದೂ ಮೈಕಟ್ಟಲು ಸಾಮಗ್ರಿಯಿಲ್ಲದ ಯೀಸ್ಟು ನಡುವೆ ನಿಂತುಬಿಡುತ್ತದೆ, ಕೊಳೆತ ಮೊಟ್ಟೆಯ ವಾಸನೆಯನ್ನು ಬಿಡುತ್ತದೆ. ಒಂದು ಹಿಡಿ ಒಣದ್ರಾಕ್ಷಿ ಹಾಕಿದರೆ ಸಾಕೆಂಬ ಮಾತು ಪ್ರಚಾರದಲ್ಲಿದೆ; ಒಂದು ಹಿಡಿಯಲ್ಲಿರುವ ಸಾರಜನಕವು ಏತಕ್ಕೂ ಸಾಲದು. ಇದಕ್ಕಾಗಿ ಡೈಅಮೋನಿಯಂ ಫಾಸ್ಫೇಟನ್ನು ಅಲ್ಪಾಲ್ಪವಾಗಿ ಮೊದಲ ಕೆಲವು ದಿನಗಳಲ್ಲಿ ಹಾಕುವುದುಂಟು. ಅದರ ಮೊದಲಕ್ಷರಗಳಾದ ‘ಡಿಎಪಿ’ ಎಂಬ ಹೆಸರು ನಮ್ಮ ರೈತರೆಲ್ಲರಿಗೂ ಬಾಯಿಪಾಠ. ಆ ಪರಿಚಯವೇ ಇಲ್ಲಿ ಅಪಾಯಕಾರಿ. ಗೊಬ್ಬರದ ಚೀಲದಲ್ಲಿರುವುದು ಆಹಾರದ ಶುದ್ಧಿಯುಳ್ಳದ್ದಲ್ಲ, ಅದನ್ನು ಎಂದಿಗೂ ಬಳಸಬಾರದು. ಆಹಾರಕ್ಕೆ ಯೋಗ್ಯವಾದುದು ಸಿಕ್ಕದಿದ್ದಲ್ಲಿ ಒಂದೆರಡು ಚಮಚ ಬ್ರೆಡ್ಡಿನ ಯೀಸ್ಟನ್ನು ನೀರಿನಲ್ಲಿ ಕುದಿಸಿ ಕೊಂದು ಹಾಕಿದರೆ, ಸತ್ತ ಯೀಸ್ಟೇ ಬದುಕಿದ ಯೀಸ್ಟಿಗೆ ಆಹಾರವಾಗುತ್ತದೆ.

ವಾಯುವಿನ ಲೆಕ್ಕವನ್ನು ಒಮ್ಮೆ ಮಾಡಿನೋಡುವುದು ಒಳ್ಳೆಯದು. 800 ಗ್ರಾಂ ಸಕ್ಕರೆಯು ಪೂರ್ತಿಯಾಗಿ ಹುದುಗಿದರೆ ಸುಮಾರು ಅರ್ಧ ತೂಕ ಮದ್ಯಸಾರವಾಗಿ, ಉಳಿದರ್ಧ ಇಂಗಾಲಾಮ್ಲವಾಯುವಾಗಿ ಹೋಗುತ್ತದೆ. ಆ ವಾಯುವಿನ ಗಾತ್ರವು 200 ಲೀಟರಿನಷ್ಟು. ನಾಲ್ಕು ಲೀಟರಿನ ಪಾತ್ರೆಯಿಂದ 200 ಲೀಟರು ವಾಯು ಹೊರಡಬೇಕಾದಾಗ ಬಿರಡೆಯನ್ನು ಬಿಗಿಯುವುದೆಂದರೆ ಗಾಜಿನ ಸಿಡಿಗುಂಡನ್ನು ಮಾಡಿದಂತೆಯೇ. ಬಿರಡೆಯಿಂದ ಒಂದು ಕೊಳವೆಯನ್ನು ತೆಗೆದು ಅದರ ತುದಿಯನ್ನು ಪಕ್ಕದ ಲೋಟದ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ವಾಯು ಗುಳ್ಳೆಯಾಗಿ ಹೊರಬರುತ್ತದೆ, ಹೊರಗಿನ ಗಾಳಿಯೂ ನೊಣವೂ ಒಳಹೋಗಲಾರವು. ನೊಣ ಹೊಕ್ಕರೆ ಅದರ ಬೆನ್ನಿಗೆ ಬರುವ ಬ್ಯಾಕ್ಟೀರಿಯವು ಗಾಳಿಯ ಸಹಾಯದಿಂದ ಮದ್ಯಸಾರವನ್ನು ವಿನಿಗರ್ ಆಗಿಸುತ್ತದೆ. ಸುಮಾರು 3000 ಅಡಿ ಎತ್ತರದ ಹಾಸನದ ಹವೆಯು ಕಾರ್ತಿಕದಿಂದ ಮಾಘದವರೆಗೆ ಯೀಸ್ಟಿಗೆ ಹಿತವಾದುದು. ಏಪ್ರಿಲಿನ ಸೆಕೆಯಲ್ಲಿ ಹುದುಗಿಸಿದರೆ ಬಾಯಿ ಸುಡುವ ಒರಟು ಮದ್ಯಸಾರಗಳು ಹುಟ್ಟುತ್ತವೆ. ಆಗ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆಬಟ್ಟೆ ಸುತ್ತುವುದೊಂದೇ ಉಪಾಯ.

ಮೂರುನಾಲ್ಕು ವಾರಗಳಲ್ಲಿ ಗುಳ್ಳೆ ನಿಲ್ಲುತ್ತದೆ. ಗುಳ್ಳೆ ನಿಂತಿತೆಂದು ಕೆಲಸ ಮುಗಿಯಿತೆನ್ನಲಾಗದು. ವಾರದ ಅಂತರದಲ್ಲಿ ಎರಡು ಸಲ ಹೈಡ್ರೊಮೀಟರು ಒಂದೇ ಅಂಕವನ್ನು ತೋರಿಸಬೇಕು. ಅನಂತರ ಕೆಳಗಿನ ಗಸಿಯನ್ನು ಕದಡದೆ ಕೊಳವೆಯಿಂದ ತಿಳಿಯನ್ನು ಬೇರೆ ಪಾತ್ರೆಗೆ ಇಳಿಸಿ ತಂಪಾದ ಕತ್ತಲೆಯಲ್ಲಿ ಆರು ತಿಂಗಳಾದರೂ ಬಿಡುವುದು ವಾಡಿಕೆ. ಹೊಸದು ಒಗರಾಗಿಯೂ ಖಾರವಾಗಿಯೂ ಇರುತ್ತದೆ. ಹೂವಿನ ಸುವಾಸನೆ ಮರಳುವುದು ನಿಧಾನವಾಗಿ. ಇದನ್ನು ಬಟ್ಟಿಯಿಳಿಸಲು ಮಾತ್ರ ಯಾರೂ ತೊಡಗಬಾರದು. ಜೇನಿನಲ್ಲಿ ಪೆಕ್ಟಿನ್ ಇಲ್ಲವೆನ್ನುವಷ್ಟು ಕಡಮೆಯಾದುದರಿಂದ ಹುದುಗಿದ ಜೇನಿನಲ್ಲಿ ವಿಷಕರವಾದ ಮಿಥೈಲ್ ಮದ್ಯಸಾರದ ಭಯವು ಅಲ್ಪ. ಕಳ್ಳಭಟ್ಟಿಯ ದುರಂತಗಳಿಗೆ ಬಹುಮಟ್ಟಿಗೆ ಕಾರಣವಾಗಿರುವುದು ಹೊರಗಿನಿಂದ ಬೆರೆಸಿದ ಆ ವಿಷವೇ.

ಪರವಾನಗಿಯಿಲ್ಲದ ಹಾಸನದ ಆರಂಭಿಕನು ಏನು ಮಾಡಬಹುದು? ಜೇನಿನ ನೀರಿನ ಅಂಶವನ್ನು ಅಳೆಯುವ ಕೈಯಳತೆಯ ರಿಫ್ರಾಕ್ಟೊಮೀಟರು ದುಬಾರಿಯಾದುದಲ್ಲ. ಹೊಂಗೆಯ ಸುಗ್ಗಿಯ ತುಪ್ಪ ಎಷ್ಟು, ಹುಚ್ಚೆಳ್ಳಿನದು ಎಷ್ಟು, ಮುಚ್ಚಿದ ತಟ್ಟಿಯದು ಎಷ್ಟು, ಮುಚ್ಚದ್ದು ಎಷ್ಟು, ಮಳೆಗಾಲ ಕಳೆದ ಮೇಲೆ ಅದೇ ಸೀಸೆಯ ಅಂಕವೆಷ್ಟು ಎಂದು ತಾರೀಖಿನೊಡನೆ ಒಂದು ಪುಸ್ತಕದಲ್ಲಿ ಬರೆದಿಡುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ಆಹಾರ ಸುರಕ್ಷತೆಯ ನಿಯಮಗಳಲ್ಲಿ ಜೇನಿಗೆ ಹೇಳಿರುವ ನೀರಿನ ಮಿತಿಯು ನೂರಕ್ಕೆ 20. ಆ ಗೆರೆಯ ಆಚೆ ಈಚೆ ತನ್ನ ತುಪ್ಪವು ಎಲ್ಲಿ ನಿಲ್ಲುತ್ತದೆಂಬುದು ಎರಡು ಸುಗ್ಗಿಗಳಲ್ಲಿ ಅವನಿಗೆ ತಿಳಿದುಬರುತ್ತದೆ.